ವಿಕಿರಣ ತ್ಯಾಜ್ಯ: ಕಟ್ಟಿಡುವ ಮೊದಲು ಗಟ್ಟಿ ಮಾಡುವ ಕೆಲಸ

ವಿಕಿರಣಶೀಲ ತ್ಯಾಜ್ಯವನ್ನು ನಾಶಮಾಡಲು ಬರುವುದಿಲ್ಲ. ಬೇರೆ ಕಸವಾದರೆ ಸುಟ್ಟು ಮುಗಿಸಬಹುದು, ಹೂಳಿ ಕೊಳೆಸಬಹುದು, ರಾಸಾಯನಿಕ ಬೆರೆಸಿ ಅದರ ವಿಷ ಇಳಿಸಬಹುದು. ವಿಕಿರಣ ಸೂಸುವ ಪರಮಾಣುವಿಗೆ ಇವು ಯಾವುವೂ ತಟ್ಟುವುದಿಲ್ಲ. ವಿಕಿರಣ ಅಂಟಿದ ಬಟ್ಟೆಯನ್ನು ಸುಟ್ಟರೆ ಬಟ್ಟೆ ಹೋಗುತ್ತದೆ, ವಿಕಿರಣ ಬೂದಿಯಲ್ಲಿ ಉಳಿಯುತ್ತದೆ. ಆ ಪರಮಾಣುಗಳು ತಮ್ಮದೇ ಗತಿಯಲ್ಲಿ ಒಡೆದು ತಣ್ಣಗಾಗಬೇಕು. ಬೆಂಕಿಯಾಗಲಿ ಆಮ್ಲವಾಗಲಿ ಆ ಗತಿಯನ್ನು ಒಂದು ದಿನವೂ ಮುಂದೂಡದು, ಹಿಂದೂಡದು. ಮನುಷ್ಯನ ಕೈಯಲ್ಲಿ ಉಳಿದಿರುವ ಕೆಲಸ ಒಂದೇ: ಅವು ತಣ್ಣಗಾಗುವ ತನಕ ಗಾಳಿ, ನೀರು, ಬೆಳೆಯ ಮೂಲಕ ಜನರನ್ನು ಮುಟ್ಟದಂತೆ ಕಟ್ಟಿಹಾಕುವುದು.

ಎಷ್ಟು ಕಾಲ ಕಟ್ಟಿಹಾಕಬೇಕು ಎಂಬುದನ್ನು ಅರ್ಧಾಯು ಹೇಳುತ್ತದೆ. ಒಂದು ವಿಕಿರಣಶೀಲ ವಸ್ತುವಿನ ಅರ್ಧ ಪಾಲು ಪರಮಾಣುಗಳು ಒಡೆಯಲು ಬೇಕಾದ ಅವಧಿಯೇ ಅರ್ಧಾಯು. ಥೈರಾಯ್ಡ್ ಚಿಕಿತ್ಸೆಗೆ ಕೊಡುವ ಅಯೋಡಿನ್-131ಕ್ಕೆ ಇದು 8 ದಿನ. ಕ್ಯಾನ್ಸರ್ ಚಿಕಿತ್ಸೆಯ ಯಂತ್ರಗಳಲ್ಲಿ ಬಳಸುವ ಕೋಬಾಲ್ಟ್-60ಕ್ಕೆ 5 ವರ್ಷಕ್ಕೆ ತುಸು ಹೆಚ್ಚು. ಪರಮಾಣು ಸ್ಥಾವರದ ಬಳಸಿದ ಇಂಧನದಲ್ಲಿ ಹೇರಳವಾಗಿರುವ ಸೀಸಿಯಂ-137 ಮತ್ತು ಸ್ಟ್ರಾನ್ಷಿಯಂ-90ಕ್ಕೆ ಹೆಚ್ಚುಕಡಿಮೆ 30 ವರ್ಷ. ಪ್ಲುಟೋನಿಯಂ-239ಕ್ಕೆ 24,100 ವರ್ಷ. ಹತ್ತು ಅರ್ಧಾಯು ಕಳೆದರೆ ಮೊದಲಿದ್ದುದರ ಸಾವಿರದಲ್ಲಿ ಒಂದು ಪಾಲಿನಷ್ಟು ಉಳಿಯುತ್ತದೆ. ಅಯೋಡಿನ್ ತ್ಯಾಜ್ಯವನ್ನು ಆಸ್ಪತ್ರೆಯ ತೊಟ್ಟಿಯಲ್ಲಿ ಕೆಲವು ತಿಂಗಳು ತಡೆದಿಟ್ಟರೆ ಸಾಕು. ಸೀಸಿಯಂಗೆ 300 ವರ್ಷ ಬೇಕು. ಪ್ಲುಟೋನಿಯಂ ಬೆರೆತ ತ್ಯಾಜ್ಯಕ್ಕೆ ಮನುಷ್ಯರ ರಾಜ್ಯ, ಭಾಷೆ, ದಾಖಲೆ ಯಾವುದೂ ಉಳಿಯಲಾರದಷ್ಟು ದೀರ್ಘಕಾಲದ ಕಾವಲು ಬೇಕು. ಅಷ್ಟು ಕಾಲ ಪಹರೆಯವನನ್ನು ನಿಲ್ಲಿಸಲು ಆಗದು. ಕಾವಲಿನ ಗುಣ ಆ ವಸ್ತುವಿನೊಳಗೇ ಇರಬೇಕು.

ವಸ್ತುವಿನ ರೂಪ ಎಷ್ಟು ಮುಖ್ಯ ಎಂಬುದನ್ನು ಬ್ರೆಜಿಲ್‌ನ ಗೊಯಾನಿಯಾ ನಗರ ಬಹಳ ಕಷ್ಟಪಟ್ಟು ತಿಳಿಯಿತು. 1987ರ ಸೆಪ್ಟೆಂಬರಿನಲ್ಲಿ ಅಲ್ಲಿ ಪಾಳುಬಿದ್ದ ಚಿಕಿತ್ಸಾಲಯದಿಂದ ಕ್ಯಾನ್ಸರ್ ಯಂತ್ರದ ಒಂದು ಭಾಗವನ್ನು ಇಬ್ಬರು ಗುಜರಿಗೆಂದು ಬಿಚ್ಚಿ ಒಯ್ದರು. ಒಳಗಿದ್ದದ್ದು ನೂರು ಗ್ರಾಮಿಗೂ ಕಡಿಮೆ ಸೀಸಿಯಂ ಕ್ಲೋರೈಡ್, ಉಪ್ಪಿನಂಥ ಪುಡಿ. ಕತ್ತಲಲ್ಲಿ ನೀಲಿಯಾಗಿ ಹೊಳೆಯುತ್ತಿದ್ದ ಅದನ್ನು ಜನ ಮನೆಗೆ ಒಯ್ದರು, ನೆಂಟರಿಷ್ಟರಿಗೆ ಹಂಚಿದರು, ಮೈಗೆ ಸವರಿಕೊಂಡರು. ಆರು ವರ್ಷದ ಬಾಲಕಿ ಸೇರಿ ನಾಲ್ವರು ಸತ್ತರು. 249 ಜನರ ಮೈಗೋ ಒಡಲಿಗೋ ವಿಕಿರಣ ಸೇರಿತ್ತು. ಲಕ್ಷಕ್ಕೂ ಹೆಚ್ಚು ಜನರನ್ನು ಕ್ರೀಡಾಂಗಣದಲ್ಲಿ ಸಾಲುಗಟ್ಟಿ ನಿಲ್ಲಿಸಿ ಪರೀಕ್ಷಿಸಬೇಕಾಯಿತು. ಸೀಸದ ಕವಚವೂ ಇತ್ತು, ಉಕ್ಕಿನ ಡಬ್ಬಿಯೂ ಇತ್ತು. ಅವೆರಡನ್ನೂ ಒಡೆದ ಮೇಲೆ ತಡೆಯುವಂಥದ್ದು ಏನೂ ಉಳಿದಿರಲಿಲ್ಲ, ಏಕೆಂದರೆ ಒಳಗಿನ ವಸ್ತು ನೀರಿಗೆ ಕರಗುವ, ಗಾಳಿಗೆ ಹಾರುವ ಪುಡಿಯಾಗಿತ್ತು. ಅದೇ ಸೀಸಿಯಂ ಗಾಜಿನ ಗಟ್ಟಿಯೊಳಗೆ ಬೆಸೆದುಕೊಂಡಿದ್ದರೆ ಹತ್ತಿರ ಹೋದವರಿಗೆ ಅಪಾಯ ತಪ್ಪುತ್ತಿರಲಿಲ್ಲ, ಆದರೆ ಊರಿಗೆ ಊರೇ ಬಳಿದುಕೊಳ್ಳುತ್ತಿರಲಿಲ್ಲ.

ತ್ಯಾಜ್ಯ ನಿರ್ವಹಣೆಯ ಮೊದಲ ಪಾಠವೇ ಇದು. ಡಬ್ಬಿ ಎರಡನೆಯ ತಡೆ. ಮೊದಲ ತಡೆ ತ್ಯಾಜ್ಯ ಪಡೆದಿರುವ ರೂಪ. ದ್ರವವಾಗಿದ್ದರೆ ಸೋರುತ್ತದೆ, ಪುಡಿಯಾಗಿದ್ದರೆ ಹಾರುತ್ತದೆ, ಕೆಸರಾಗಿದ್ದರೆ ಮಳೆಗೆ ಕೊಚ್ಚಿಹೋಗುತ್ತದೆ. ಹೀಗಾಗಿ ಕಟ್ಟಿಡುವ ಮೊದಲು ಅದನ್ನು ಗಟ್ಟಿ ಮಾಡಬೇಕು. ಗಟ್ಟಿಯಾದದ್ದು ನೀರಿಗೆ ಕರಗಬಾರದು, ತನ್ನದೇ ಬಿಸಿಗೆ ಮತ್ತು ಕಿರಣಕ್ಕೆ ಬಿರಿದು ಪುಡಿಯಾಗಬಾರದು.

ಕರ್ನಾಟಕದಲ್ಲಿ ಈ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆಯುವುದು ಉತ್ತರ ಕನ್ನಡ ಜಿಲ್ಲೆಯ ಕೈಗಾದಲ್ಲಿ. ಕಾಳಿ ನದಿಯ ದಂಡೆಯ ಈ ಸ್ಥಾವರದಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳಿವೆ. ಮೊದಲೆರಡು 2000ದಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು, ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ. ಮೊದಲನೆಯ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ಓಡಿ ದಾಖಲೆ ಮಾಡಿತು. ಜಮಖಂಡಿಯ ಕಬ್ಬಿನ ಗದ್ದೆಯ ಪಂಪ್‌ಸೆಟ್ಟು, ರಬಕವಿ-ಬನಹಟ್ಟಿಯ ವಿದ್ಯುತ್ ಮಗ್ಗ ತಿರುಗುವುದು ಕೈಗಾದ ಪಾಲೂ ಸೇರಿರುವ ವಿದ್ಯುತ್ ಜಾಲದಿಂದ. ವಿದ್ಯುತ್ತು ಬಂದ ಕಡೆಗೆಲ್ಲ ತ್ಯಾಜ್ಯ ಬರುವುದಿಲ್ಲ, ಅದು ಹುಟ್ಟಿದಲ್ಲೇ ಉಳಿಯುತ್ತದೆ. ಸ್ಥಾವರ ಕಟ್ಟುವಾಗ ಶಿವರಾಮ ಕಾರಂತರಂಥವರು ಎತ್ತಿದ ಆಕ್ಷೇಪದ ಹಿಂದೆ ಈ ಕಾಳಜಿಯೂ ಇತ್ತು. 1989ರಲ್ಲಿ ಅವರು ಪರಿಸರದ ಪ್ರಶ್ನೆಗಳನ್ನು ಮುಂದಿಟ್ಟು ಲೋಕಸಭೆ ಚುನಾವಣೆಗೂ ನಿಂತಿದ್ದರು. ಲಾಭ ಹಂಚಿಹೋಗುತ್ತದೆ, ಹೊರೆ ಒಂದೆಡೆ ಉಳಿಯುತ್ತದೆ ಎಂಬ ಮಾತನ್ನು ವಿದ್ಯುತ್ತು ಬಳಸುವ ಬಯಲುಸೀಮೆಯವರೂ ತಿಳಿದಿರುವುದು ನ್ಯಾಯ.

ಸ್ಥಾವರದ ನಿತ್ಯದ ತ್ಯಾಜ್ಯದಲ್ಲಿ ಬಹುಪಾಲು ಕಡಿಮೆ ವಿಕಿರಣದ್ದು: ಕೈಗವಸು, ಒರೆಸುವ ಬಟ್ಟೆ, ಕಾಗದ, ಪ್ಲಾಸ್ಟಿಕ್, ಗಾಳಿ ಸೋಸುವ ಫಿಲ್ಟರ್, ತೊಳೆದ ನೀರು. ಇದರ ಗಾತ್ರ ದೊಡ್ಡದು, ಅಪಾಯ ಸಣ್ಣದು. ಮೊದಲು ಗಾತ್ರ ಇಳಿಸುತ್ತಾರೆ. ಸುಡುವಂಥದ್ದನ್ನು ಹೊಗೆ ಸೋಸುವ ವ್ಯವಸ್ಥೆಯಿರುವ ಕುಲುಮೆಯಲ್ಲಿ ಸುಡುತ್ತಾರೆ, ಉಳಿದದ್ದನ್ನು ಯಂತ್ರದಲ್ಲಿ ಅದುಮಿ ಚಪ್ಪಟೆ ಮಾಡುತ್ತಾರೆ. ದ್ರವ ತ್ಯಾಜ್ಯಕ್ಕೆ ರಾಸಾಯನಿಕ ಹಾಕಿ ವಿಕಿರಣವಿರುವ ಅಂಶವನ್ನು ತಳಕ್ಕಿಳಿಸುತ್ತಾರೆ, ಇಲ್ಲವೇ ನೀರನ್ನು ಆವಿಯಾಗಿಸುತ್ತಾರೆ. ಕೊನೆಗೆ ಉಳಿಯುವುದು ಬೂದಿ, ಕೆಸರು, ಮಂದ ದ್ರವ ಮತ್ತು ನೀರು ಶುದ್ಧಿ ಮಾಡಿ ಬಸವಳಿದ ಅಯಾನು ವಿನಿಮಯ ರಾಳದ ಸಣ್ಣ ಹರಳುಗಳು. ಇವುಗಳನ್ನು ಗಟ್ಟಿ ಮಾಡಲು ಜಗತ್ತಿನ ಹೆಚ್ಚಿನ ದೇಶಗಳು ಆಯ್ದುಕೊಂಡಿರುವುದು ಸಿಮೆಂಟನ್ನು. ಮುಧೋಳ ತಾಲ್ಲೂಕಿನ ಲೋಕಾಪುರ, ಮುದ್ದಾಪುರದ ಸುತ್ತ ಸುಣ್ಣಕಲ್ಲನ್ನು ಅಗೆದು ಮಾಡುವಂಥ ಸಿಮೆಂಟೇ.

ಸಿಮೆಂಟ್ ಅಗ್ಗ, ಅದನ್ನು ಕಲಸಲು ಬೆಂಕಿ ಬೇಡ, ಗಟ್ಟಿಯಾದ ಮೇಲೆ ಅದೇ ಒಂದಿಷ್ಟು ಕಿರಣವನ್ನೂ ತಡೆಯುತ್ತದೆ. ಅದರ ಕ್ಷಾರಗುಣ ತೀಕ್ಷ್ಣವಾಗಿರುವುದರಿಂದ ಕೋಬಾಲ್ಟ್‌ನಂಥ ಹಲವು ಲೋಹಗಳು ಅದರೊಳಗೆ ಕರಗದ ರೂಪ ತಾಳಿ ಕೂರುತ್ತವೆ. ಸೀಸಿಯಂ ಮಾತ್ರ ಈ ಹಿಡಿತಕ್ಕೆ ಸುಲಭಕ್ಕೆ ಸಿಗದು. ಸಿಮೆಂಟಿನ ಸೂಕ್ಷ್ಮ ರಂಧ್ರಗಳಲ್ಲಿ ನೀರಿನೊಡನೆ ಜಾರಿ ಹೊರಬರುತ್ತದೆ. ಅದಕ್ಕೆ ವರ್ಮಿಕ್ಯುಲೈಟ್ ಅಥವಾ ಬೆಂಟೊನೈಟ್ ಎಂಬ ಖನಿಜವನ್ನು ಬೆರೆಸುತ್ತಾರೆ. ಇವುಗಳ ಪದರಗಳ ನಡುವೆ ಸೀಸಿಯಂ ಸಿಕ್ಕಿಕೊಳ್ಳುತ್ತದೆ.

ಈ ಕಲಸುವಿಕೆ ಮನೆಯ ಗಿಲಾವಿನಷ್ಟು ಸರಳವಲ್ಲ. ಸಾಮಾನ್ಯವಾಗಿ 200 ಲೀಟರ್‌ನ ಉಕ್ಕಿನ ಡ್ರಮ್ಮಿನೊಳಗೇ ತ್ಯಾಜ್ಯ ಮತ್ತು ಸಿಮೆಂಟನ್ನು ದೂರನಿಯಂತ್ರಿತ ಯಂತ್ರ ಕಲಸುತ್ತದೆ. ತ್ಯಾಜ್ಯದಲ್ಲಿ ಬೋರೇಟ್ ಹೆಚ್ಚಿದ್ದರೆ ಸಿಮೆಂಟ್ ಗಟ್ಟಿಯಾಗಲು ತಡವಾಗುತ್ತದೆ. ಸಲ್ಫೇಟ್ ಹೆಚ್ಚಿದ್ದರೆ ಗಟ್ಟಿಯಾದ ಮೇಲೆ ಉಬ್ಬಿ ಬಿರಿಯುತ್ತದೆ. ನೀರು ಹೆಚ್ಚಾದರೆ ಮೇಲೆ ತೆಳಿ ನಿಲ್ಲುತ್ತದೆ, ಡ್ರಮ್ಮಿನಲ್ಲಿ ಒಂದು ಲೋಟ ದ್ರವ ಉಳಿದರೂ ಗಟ್ಟಿ ಮಾಡಿದ ಉದ್ದೇಶವೇ ಕೆಡುತ್ತದೆ. ರಾಳದ ಹರಳುಗಳು ನೀರು ಕುಡಿದು ಹಿಗ್ಗಿ ಗಟ್ಟಿಯನ್ನೇ ಸೀಳಬಲ್ಲವು. ಅದಕ್ಕಾಗಿ ಅವುಗಳನ್ನು ಪಾಲಿಮರ್‌ನಲ್ಲಿ ಬಂಧಿಸುವ ಕ್ರಮವೂ ಭಾರತದಲ್ಲಿದೆ. ಹೀಗಾಗಿ ಪ್ರತಿ ಬಗೆಯ ತ್ಯಾಜ್ಯಕ್ಕೆ ಬೇರೆ ಬೇರೆ ಪಾಕ. ಮಾದರಿ ಗಟ್ಟಿಗಳನ್ನು ಹದವಾಗಲು ಬಿಟ್ಟು, ಒತ್ತಿ ಅವುಗಳ ಬಲ ನೋಡುತ್ತಾರೆ. ತಿಂಗಳುಗಟ್ಟಲೆ ನೀರಿನಲ್ಲಿ ಮುಳುಗಿಸಿಟ್ಟು, ಆ ನೀರನ್ನು ಆಗಾಗ ಬದಲಿಸಿ, ಎಷ್ಟು ವಿಕಿರಣ ಸೋರಿತು ಎಂದು ಅಳೆಯುತ್ತಾರೆ. ಈ ಸೋರಿಕೆ ಪರೀಕ್ಷೆಯೇ ಎಲ್ಲಕ್ಕಿಂತ ಮುಖ್ಯ.

ಹಿಂದೆ ಸಿಮೆಂಟಿನ ಬದಲು ರಸ್ತೆಯ ಡಾಂಬರನ್ನೂ ಬಳಸಿದ್ದುಂಟು. ಅದು ನೀರನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಉರಿಯುತ್ತದೆ. 1997ರ ಮಾರ್ಚ್ 11ರಂದು ಜಪಾನಿನ ಟೊಕಾಯ್‌ನಲ್ಲಿ ಡಾಂಬರು ತುಂಬಿದ ತ್ಯಾಜ್ಯದ ಡ್ರಮ್ಮುಗಳಿಗೆ ಬೆಂಕಿ ಹತ್ತಿ, ಬಳಿಕ ಸ್ಫೋಟವೂ ಆಯಿತು. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ನಡೆದದ್ದು ಇನ್ನೂ ಬೋಧಪ್ರದ. ಅಲ್ಲಿ ಉಪ್ಪಿನ ಪದರದಲ್ಲಿ 655 ಮೀಟರ್ ಆಳದಲ್ಲಿ ಪ್ಲುಟೋನಿಯಂ ಬೆರೆತ ತ್ಯಾಜ್ಯದ ಭಂಡಾರವಿದೆ. ಡ್ರಮ್ಮಿನಲ್ಲಿ ದ್ರವ ಉಳಿಯದಂತೆ ಹೀರಲು ಖನಿಜದ ಪುಡಿ ಹಾಕುವ ರೂಢಿ. ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ ಡ್ರಮ್ಮು ತುಂಬಿದವರು ಅದರ ಬದಲು ಗೋಧಿಯಿಂದ ಮಾಡಿದ, ಬೆಕ್ಕಿನ ಮಲ ಹೀರಲು ಮಾರುವ ಪುಡಿಯನ್ನು ಬಳಸಿದರು. ತ್ಯಾಜ್ಯದಲ್ಲಿದ್ದ ನೈಟ್ರೇಟ್ ಮತ್ತು ಗೋಧಿಯ ಪುಡಿ ಒಳಗೊಳಗೇ ಕಾದು, 2014ರ ಫೆಬ್ರುವರಿ 14ರಂದು ಒಂದು ಡ್ರಮ್ಮು ಸಿಡಿಯಿತು. ಒಂದು ಡ್ರಮ್ಮಿನ ತಪ್ಪಿಗೆ ಇಡೀ ಭಂಡಾರ ಹೆಚ್ಚುಕಡಿಮೆ ಮೂರು ವರ್ಷ ಮುಚ್ಚಿತು. ಭೂಮಿಯಾಳದ ಉಪ್ಪು ಕೋಟಿಗಟ್ಟಲೆ ವರ್ಷದಿಂದ ಅಲುಗದೆ ನಿಂತಿತ್ತು. ಎಡವಿದ್ದು ಮೇಲೆ, ಡ್ರಮ್ಮು ತುಂಬುವ ಕೋಣೆಯಲ್ಲಿ.

ಗಟ್ಟಿ ಮಾಡಿದ ಕಡಿಮೆ ಮತ್ತು ಮಧ್ಯಮ ವಿಕಿರಣದ ತ್ಯಾಜ್ಯವನ್ನು ಭಾರತದಲ್ಲಿ ಸ್ಥಾವರದ ಆವರಣದಲ್ಲೇ, ನೆಲಕ್ಕೆ ಹತ್ತಿರದ ಭಂಡಾರದಲ್ಲಿ ಇಡುತ್ತಾರೆ. ಕೈಗಾದಲ್ಲೂ ಅಂಥದೊಂದು ಭಂಡಾರವಿದೆ. ತೀರಾ ಕಡಿಮೆ ವಿಕಿರಣದ್ದು ಕಲ್ಲು ಕಟ್ಟಿದ ಕಂದಕಕ್ಕೆ, ಅದಕ್ಕಿಂತ ಹೆಚ್ಚಿನದು ಉಕ್ಕು-ಕಾಂಕ್ರೀಟಿನ ತೊಟ್ಟಿಗೆ, ಇನ್ನೂ ಹೆಚ್ಚಿನದು ನೆಲದೊಳಗೆ ಸುಮಾರು 4 ಮೀಟರ್ ಇಳಿಸಿದ, ಉಕ್ಕಿನ ಒಳಮೈಯಿರುವ ಕೊಳವೆಯಂಥ ಗುಂಡಿಗೆ. ತುಂಬಿದ ಮೇಲೆ ಕಾಂಕ್ರೀಟ್ ಸುರಿದು ಮುಚ್ಚಿ, ನೀರು ಇಳಿಯದಂತೆ ಲೇಪ ಕೊಡುತ್ತಾರೆ. ಸುತ್ತ ಕೊಳವೆಬಾವಿ ಕೊರೆದು ಅಂತರ್ಜಲವನ್ನು ಆಗಾಗ ಪರೀಕ್ಷಿಸುತ್ತಾರೆ. ಈ ಕಾವಲು ಸುಮಾರು 300 ವರ್ಷ ನಡೆಯಬೇಕೆಂಬ ಲೆಕ್ಕ ಸೀಸಿಯಂನ ಹತ್ತು ಅರ್ಧಾಯುಗಳಿಂದ ಬಂದದ್ದು. ಬೀಳಗಿಯಲ್ಲಿ ವರ್ಷಕ್ಕೆ 600 ಮಿಲಿಮೀಟರ್‌ ಮಳೆ ಬೀಳುವುದೇ ಅಪರೂಪ. ಕೈಗಾ ಇರುವ ಘಟ್ಟದ ಸೆರಗಿನಲ್ಲಿ ಅದರ ಐದು ಪಟ್ಟಿಗೂ ಹೆಚ್ಚು ಸುರಿಯುತ್ತದೆ. ಅಂಥಲ್ಲಿ ತೊಟ್ಟಿಯ ನೀರುತಡೆ, ಸುತ್ತಲಿನ ಚರಂಡಿ, ಬಾವಿಯ ಪರೀಕ್ಷೆ ಇವುಗಳಲ್ಲಿ ಒಂದು ಮಳೆಗಾಲವೂ ಉದಾಸೀನ ಸಲ್ಲದು. ಇಂಥ ಪ್ರತಿ ಹಂತಕ್ಕೂ 1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಬೇಕು. ವಿಕಿರಣ ತ್ಯಾಜ್ಯದ ಸುರಕ್ಷಿತ ವಿಲೇವಾರಿಗೆಂದೇ 1987ರಲ್ಲಿ ಪ್ರತ್ಯೇಕ ನಿಯಮಾವಳಿ ಬಂತು.

ನಿಜವಾದ ಸವಾಲು ಬಳಸಿದ ಇಂಧನದ್ದು. ಕೈಗಾದ ಒಂದೊಂದು ಇಂಧನದ ಕಂತೆ ಅರ್ಧ ಮೀಟರ್ ಉದ್ದ, ಸುಮಾರು 16 ಕಿಲೊ ತೂಕ. ಅದರಲ್ಲಿ 19 ಕೊಳವೆಗಳು, ಕೊಳವೆಯೊಳಗೆ ಯುರೇನಿಯಂ ಆಕ್ಸೈಡಿನ ಗುಳಿಗೆಗಳು. ರಿಯಾಕ್ಟರಿಗೆ ಹೋಗುವ ಮುನ್ನ ಅದನ್ನು ಕೈಯಲ್ಲಿ ಹಿಡಿಯಬಹುದು. ಉರಿದು ಹೊರಬಂದ ಮೇಲೆ ಮೊದಲ ಕೆಲವು ವರ್ಷ ನೀರಿನ ಆಳವಾದ ಕೊಳದೊಳಗಲ್ಲದೆ ಬೇರೆಲ್ಲೂ ಇಡಲಾಗದು. ವಿಚಿತ್ರವೆಂದರೆ ಅದರಲ್ಲಿ ಬದಲಾಗಿರುವುದು ನೂರಕ್ಕೆ ಒಂದು ಪಾಲಿನಷ್ಟೇ. ಉಳಿದದ್ದು ಯುರೇನಿಯಂ ಆಗಿಯೇ ಇರುತ್ತದೆ. ಫಿನ್ಲೆಂಡ್‌ನಂಥ ದೇಶಗಳು ಬಳಸಿದ ಇಂಧನವನ್ನು ಇಡಿಯಾಗಿ ತ್ಯಾಜ್ಯವೆಂದು ಹೂಳಲು ನಿರ್ಧರಿಸಿವೆ. ಭಾರತ ಅದನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಯುರೇನಿಯಂ ಮತ್ತು ಪ್ಲುಟೋನಿಯಂ ಬೇರ್ಪಡಿಸಿಕೊಂಡು, ಉಳಿದ ದ್ರವವನ್ನಷ್ಟೇ ತ್ಯಾಜ್ಯವೆಂದು ಎಣಿಸುತ್ತದೆ. ಮರುಸಂಸ್ಕರಣೆಯ ಈ ಕೆಲಸ ಕರ್ನಾಟಕದಲ್ಲಿಲ್ಲ. ಟ್ರಾಂಬೆ, ತಾರಾಪುರ, ಕಲ್ಪಾಕಂಗಳಲ್ಲಿ ನಡೆಯುತ್ತದೆ. ಅಲ್ಲಿಗೆ ಇಂಧನ ಒಯ್ಯುವ ಪೆಟ್ಟಿಗೆಯ ವಿನ್ಯಾಸ 9 ಮೀಟರ್ ಎತ್ತರದಿಂದ ಬಗ್ಗದ ನೆಲಕ್ಕೆ ಬಿದ್ದರೂ, 800 ಡಿಗ್ರಿ ಬೆಂಕಿಯಲ್ಲಿ ಅರ್ಧ ಗಂಟೆ ಬೆಂದರೂ ಒಳಗಿನದನ್ನು ಬಿಟ್ಟುಕೊಡದು ಎಂದು ಪರೀಕ್ಷೆಯಿಂದ ಸಾಬೀತಾಗಿರಬೇಕು.

ಮರುಸಂಸ್ಕರಣೆಯಲ್ಲಿ ಉಳಿಯುವ ಆಮ್ಲದ ದ್ರವವೇ ಎಲ್ಲಕ್ಕಿಂತ ಉಗ್ರ ತ್ಯಾಜ್ಯ. ವಿದಳನದಿಂದ ಹುಟ್ಟಿದ ಡಜನ್‌ಗಟ್ಟಲೆ ಧಾತುಗಳು ಅದರಲ್ಲಿರುತ್ತವೆ, ತನ್ನ ಬಿಸಿಗೆ ತಾನೇ ಕುದಿಯಬಲ್ಲದು. ಉಕ್ಕಿನ ತೊಟ್ಟಿಯಲ್ಲಿ ತಂಪು ಮಾಡುತ್ತ ಇಡುವುದು ತಾತ್ಕಾಲಿಕ ಏರ್ಪಾಡು ಮಾತ್ರ. ಇದಕ್ಕೆ ಸಿಮೆಂಟ್ ಸಾಲದು. ಇಲ್ಲಿ ಬೇಕಾದದ್ದು ಗಾಜು.

ಗಾಜು ಮಾಡುವ ಕ್ರಮ ಮಹಾಲಿಂಗಪುರದ ಸುತ್ತಲಿನ ಆಲೆಮನೆಗಳಲ್ಲಿ ಬೆಲ್ಲ ಮಾಡುವುದನ್ನು ಹೋಲುತ್ತದೆ. ಅಲ್ಲಿ ಕಬ್ಬಿನ ಹಾಲನ್ನು ಕೊಪ್ಪರಿಗೆಯಲ್ಲಿ ಕುದಿಸಿ, ನೀರಿನಂಶ ಆರಿಸಿ, ಪಾಕ ಹದಕ್ಕೆ ಬಂದಾಗ ಅಚ್ಚಿಗೆ ಸುರಿಯುತ್ತಾರೆ. ಇಲ್ಲಿ ಆಮ್ಲದ ದ್ರವವನ್ನು ಕುದಿಸಿ ಗಾತ್ರ ಇಳಿಸಿ, ಮರಳಿನ ಸಿಲಿಕಾ, ಬೋರಾನ್ ಆಕ್ಸೈಡ್, ಸೋಡಿಯಂ ಆಕ್ಸೈಡ್ ಮುಂತಾದ ಗಾಜಿನ ಸಾಮಗ್ರಿಯೊಡನೆ ಕುಲುಮೆಗೆ ಬಿಡುತ್ತಾರೆ. ನೀರು ಆರುತ್ತದೆ, ನೈಟ್ರೇಟ್ ಒಡೆದು ಆಕ್ಸೈಡ್ ಆಗುತ್ತದೆ. ಸುಮಾರು 1,000 ಡಿಗ್ರಿಯ ಕಾವಿನಲ್ಲಿ ಎಲ್ಲ ಕರಗಿ ಒಂದೇ ಪಾಕವಾಗುತ್ತದೆ. ಅದನ್ನು ಸ್ಟೇನ್‌ಲೆಸ್ ಸ್ಟೀಲಿನ ಪಾತ್ರೆಗೆ ಇಳಿಸಿ, ನಿಧಾನವಾಗಿ ಆರಲು ಬಿಟ್ಟು, ಮುಚ್ಚಳ ಬೆಸೆಯುತ್ತಾರೆ. ಇದೆಲ್ಲ ನಡೆಯುವುದು ಮೀಟರಿಗೂ ದಪ್ಪದ ಕಾಂಕ್ರೀಟ್ ಗೋಡೆಯ ಕೋಣೆಯಲ್ಲಿ. ಕೆಲಸಗಾರ ಹೊರಗೆ ನಿಂತು ಸೀಸ ಬೆರೆತ ದಪ್ಪ ಗಾಜಿನ ಕಿಟಕಿಯಿಂದ ನೋಡುತ್ತ ಯಂತ್ರದ ಕೈಗಳನ್ನು ಆಡಿಸುತ್ತಾನೆ. ಪಾತ್ರೆಯ ಬಳಿ ಕವಚವಿಲ್ಲದೆ ಕೆಲವು ನಿಮಿಷ ನಿಂತರೂ ಬದುಕುವುದು ಕಷ್ಟ. ಭಾರತದ ಮೊದಲ ಗಾಜೀಕರಣ ಘಟಕ 1980ರ ದಶಕದಲ್ಲಿ ತಾರಾಪುರದಲ್ಲಿ ಆರಂಭವಾಯಿತು. ಬಳಿಕ ಟ್ರಾಂಬೆ, ಕಲ್ಪಾಕಂನಲ್ಲೂ ಬಂದವು.

ಗಾಜನ್ನೇ ಏಕೆ ಆರಿಸಿಕೊಂಡರು? ಹರಳಿನೊಳಗೆ ಪರಮಾಣುಗಳು ಕಟ್ಟುನಿಟ್ಟಾದ ಸಾಲಿನಲ್ಲಿರುತ್ತವೆ, ಗಾತ್ರ ಹೊಂದದ ಅತಿಥಿಗೆ ಅಲ್ಲಿ ಜಾಗವಿಲ್ಲ. ಗಾಜಿನ ಜಾಲ ಸಡಿಲ, ಅಡ್ಡಾದಿಡ್ಡಿ. ಹತ್ತಾರು ಬಗೆಯ ಧಾತುಗಳು ಅದರಲ್ಲಿ ಹೊಂದಿಕೊಳ್ಳುತ್ತವೆ. ತ್ಯಾಜ್ಯ ಗಾಜಿನೊಳಗೆ ಕಲ್ಲುಸಕ್ಕರೆಯೊಳಗಿನ ಕಸದಂತೆ ಸಿಕ್ಕಿಕೊಂಡಿರುವುದಲ್ಲ, ಗಾಜಿನ ರಚನೆಯ ಭಾಗವೇ ಆಗಿಬಿಡುತ್ತದೆ. ಹಾಗಾಗಿ ಗಾಜು ಬಿರುಕು ಬಿಟ್ಟರೂ ವಿಕಿರಣ ಒಮ್ಮೆಲೇ ಹೊರಬೀಳುವುದಿಲ್ಲ. ಗಾಜು ಕರಗಿದಷ್ಟೇ ಅದು ಹೊರಬರಬೇಕು, ಗಾಜು ಕರಗುವುದು ಬಹಳ ನಿಧಾನ. ಫ್ರಾನ್ಸಿನ ದಕ್ಷಿಣ ಕರಾವಳಿಯ ಸಮುದ್ರತಳದಲ್ಲಿ ಮುಳುಗಿದ್ದ ಹಡಗೊಂದರಲ್ಲಿ ಸುಮಾರು 1,800 ವರ್ಷ ಬಿದ್ದಿದ್ದ ರೋಮನ್ ಕಾಲದ ಗಾಜನ್ನು ವಿಜ್ಞಾನಿಗಳು ಮೇಲೆತ್ತಿ ಪರೀಕ್ಷಿಸಿದ್ದಾರೆ. ಉಪ್ಪುನೀರು ಅದರ ಮೈಯನ್ನೂ ಬಿರುಕುಗಳನ್ನೂ ಸವೆಸಿತ್ತು, ಒಡಲು ಉಳಿದಿತ್ತು. ಪ್ರಯೋಗಾಲಯದ ಕೆಲವೇ ವರ್ಷಗಳ ಅಳತೆಯಿಂದ ಸಾವಿರಾರು ವರ್ಷಗಳ ಅಂದಾಜು ಮಾಡುವವರಿಗೆ ಇಂಥ ಹಳೆಯ ಗಾಜು ಬಲವಾದ ಸಾಕ್ಷಿ.

ಗಾಜಿಗೂ ಮಿತಿಗಳುಂಟು. ತ್ಯಾಜ್ಯವನ್ನು ಅತಿಯಾಗಿ ತುಂಬಿದರೆ ಕೆಲವು ಅಂಶಗಳು ಗಾಜಿನಲ್ಲಿ ಬೆರೆಯದೆ ಹಳದಿ ಪದರವಾಗಿ ಬೇರ್ಪಡುತ್ತವೆ. ಆ ಪದರ ನೀರಿಗೆ ಕರಗುತ್ತದೆ, ಸೀಸಿಯಂ ಅದರಲ್ಲೇ ಸೇರಿಕೊಳ್ಳುತ್ತದೆ. ಟ್ರಾಂಬೆಯ ಹಳೆಯ ತ್ಯಾಜ್ಯದಲ್ಲಿ ಸಲ್ಫೇಟ್ ಹೆಚ್ಚಿದ್ದು ಇದೇ ತೊಂದರೆ ಎದುರಾದಾಗ, ಭಾಭಾ ಪರಮಾಣು ಸಂಶೋಧನಾ ಕೇಂದ್ರದವರು ಬೇರಿಯಂ ಬೆರೆಸಿದ ಬೇರೆಯೇ ಗಾಜನ್ನು ರೂಪಿಸಿದರು. ಬೇರಿಯಂ ಸಲ್ಫೇಟನ್ನು ಗಾಜಿನೊಳಗೆ ಹಿಡಿದಿಟ್ಟಿತು. ಎರಡನೆಯ ಮಿತಿ ಬಿಸಿಯದ್ದು. ತ್ಯಾಜ್ಯ ತನ್ನ ಕಾವಿನಿಂದ ಗಾಜನ್ನು 500 ಡಿಗ್ರಿಯ ಆಸುಪಾಸಿಗೆ ಏರಿಸಿದರೆ ಒಳಗೆ ಹರಳುಗಟ್ಟಲು ಆರಂಭವಾಗಿ ಅದರ ಗುಣ ಕೆಡುತ್ತದೆ. ಅದಕ್ಕಾಗಿ ಪಾತ್ರೆಗಳನ್ನು ಹೊರಕವಚದಲ್ಲಿಟ್ಟು, ತಾರಾಪುರದ ಸಂಗ್ರಹಾಗಾರದಲ್ಲಿ ದಶಕಗಳ ಕಾಲ ಆರಲು ಬಿಡುತ್ತಾರೆ. ಎತ್ತರದ ಚಿಮಣಿಯೊಂದು ಗಾಳಿಯನ್ನು ತಾನೇ ಎಳೆದು ಪಾತ್ರೆಗಳ ಸುತ್ತ ಹರಿಸುತ್ತದೆ. ಕರೆಂಟು ಹೋದರೂ ನಿಲ್ಲದ ತಂಪು ಅದು. ಇಂಥ ಕೆಲಸಕ್ಕೆ ಹೇಳಿಮಾಡಿಸಿದ ಯೋಚನೆ.

ತ್ಯಾಜ್ಯದಿಂದ ಉಪಯುಕ್ತವಾದದ್ದನ್ನು ಹೆಕ್ಕುವ ಪ್ರಯತ್ನವೂ ಇದರ ಜೊತೆಗಿದೆ. ರೋಗಿಗೆ ಕೊಡುವ ರಕ್ತವನ್ನು ಕೆಲವು ಸಂದರ್ಭಗಳಲ್ಲಿ ಗಾಮಾ ಕಿರಣಕ್ಕೆ ಒಡ್ಡಬೇಕಾಗುತ್ತದೆ. ಆ ಯಂತ್ರಗಳಿಗೆ ಬೇಕಾದ ಸೀಸಿಯಂ-137ನ್ನು ಭಾರತ ಈಗ ಉಗ್ರ ತ್ಯಾಜ್ಯದಿಂದಲೇ ಬೇರ್ಪಡಿಸಿ, ಗಾಜಿನಲ್ಲಿ ಬೆಸೆದು, ಪೆನ್ಸಿಲ್ಲಿನಂಥ ಉಕ್ಕಿನ ಕೊಳವೆಯಲ್ಲಿ ತುಂಬಿ ಕೊಡುತ್ತದೆ. ಗೊಯಾನಿಯಾದಲ್ಲಿ ಪುಡಿಯಾಗಿದ್ದ ವಸ್ತು ಇಲ್ಲಿ ಗಾಜಾಗಿದೆ. ಕಳುವಾದರೂ, ಒಡೆದರೂ ಅದು ಉಪ್ಪಿನಂತೆ ಕರಗಿ ಊರೆಲ್ಲ ಹರಡದು.

ಗಾಜಾದ ತ್ಯಾಜ್ಯದ ಕೊನೆಯ ನೆಲೆ ಭೂಮಿಯ ಆಳ ಎಂಬುದು ಜಗತ್ತಿನ ವಿಜ್ಞಾನಿಗಳ ಬಹುಮತದ ಅಭಿಪ್ರಾಯ. ನೂರಾರು ಮೀಟರ್ ಕೆಳಗೆ, ಅಲುಗದ, ನೀರು ಹರಿಯದ ಬಂಡೆಯಲ್ಲಿ. ಈ ವಿಷಯದಲ್ಲಿ ಭಾರತ ಮಾಡಿದ ಮುಖ್ಯ ಪ್ರಯೋಗವೊಂದು ಕರ್ನಾಟಕದ ನೆಲದಲ್ಲೇ ನಡೆಯಿತು. 1980ರ ದಶಕದಲ್ಲಿ ಕೋಲಾರ ಚಿನ್ನದ ಗಣಿಯ ಕೈಬಿಟ್ಟ ಭಾಗವೊಂದರಲ್ಲಿ, ಸುಮಾರು 1,000 ಮೀಟರ್ ಆಳದಲ್ಲಿ ಕೋಣೆ ಕೊರೆದು, ಬಂಡೆಯೊಳಗೆ ವಿದ್ಯುತ್ ಹೀಟರುಗಳನ್ನು ಇಳಿಸಿದರು. ತ್ಯಾಜ್ಯ ಹೊರಸೂಸುವ ಬಿಸಿಯನ್ನು ಹೀಟರು ಅನುಕರಿಸಬೇಕು, ಬಂಡೆ ಹೇಗೆ ಹಿಗ್ಗುತ್ತದೆ, ಎಲ್ಲಿ ಒತ್ತಡ ಕೂಡುತ್ತದೆ ಎಂದು ಉಪಕರಣಗಳು ಅಳೆಯಬೇಕು. ಸುಮಾರು ಎಂಟು ವರ್ಷ ಈ ಅಧ್ಯಯನ ನಡೆಯಿತು. ಅಲ್ಲಿಟ್ಟದ್ದು ಹೀಟರುಗಳನ್ನೇ ಹೊರತು ವಿಕಿರಣ ತ್ಯಾಜ್ಯವನ್ನಲ್ಲ.

2001ರಲ್ಲಿ ಗಣಿ ಮುಚ್ಚಿತು. 2012ರ ನವೆಂಬರಿನಲ್ಲಿ ಕೂಡಂಕುಳಂ ಪರಮಾಣು ಸ್ಥಾವರದ ಪ್ರಕರಣದ ವಿಚಾರಣೆ ಸುಪ್ರೀಂ ಕೋರ್ಟಿನಲ್ಲಿ ನಡೆದಾಗ ತ್ಯಾಜ್ಯದ ಕೊನೆಯ ತಾಣವಾಗಿ ಕೋಲಾರದ ಹೆಸರು ಹೊರಬಂತು. ಗಣಿಯ ಊರಾದ ಕೆಜಿಎಫ್ ಬೀದಿಗಿಳಿಯಿತು. ಅಂಥ ಯೋಜನೆ ಇಲ್ಲವೆಂದು ಸರ್ಕಾರ ಸ್ಪಷ್ಟಪಡಿಸಬೇಕಾಯಿತು. ಜನರ ಸಿಟ್ಟಿಗೆ ಕಾರಣವಿತ್ತು: ಗಣಿ ಹೋಯಿತು, ಕೂಲಿ ಹೋಯಿತು, ಸೈನೈಡ್ ಬೆರೆತ ಮಣ್ಣಿನ ಗುಡ್ಡಗಳು ಮಾತ್ರ ಉಳಿದವು, ಅದರ ಮೇಲೆ ಇದು. ತಾಂತ್ರಿಕವಾಗಿಯೂ ಹಳೆಯ ಗಣಿ ಸಿದ್ಧ ಗೋದಾಮು ಅಲ್ಲ. ಚಿನ್ನಕ್ಕಾಗಿ ಮೂರು ಕಿಲೊಮೀಟರಿಗೂ ಆಳಕ್ಕೆ ತೋಡಿದ ಸುರಂಗಗಳು, ಬಂಡೆ ಸಿಡಿತಕ್ಕೆ ಹೆಸರಾದ ಪಾತಳಿಗಳು, ಪಂಪು ನಿಂತ ಮೇಲೆ ತುಂಬಿಕೊಂಡ ನೀರು, ಇವೆಲ್ಲ ಭಂಡಾರಕ್ಕೆ ಬೇಕಾದ ಗುಣಗಳ ವಿರುದ್ಧ ದಿಕ್ಕಿನವು. ಜರ್ಮನಿಯ ಆಸ್ಸೆ ಎಂಬ ಹಳೆಯ ಉಪ್ಪಿನ ಗಣಿಯಲ್ಲಿ 1967ರಿಂದ 1978ರವರೆಗೆ ಸುಮಾರು 1,26,000 ಡ್ರಮ್ಮುಗಳನ್ನು ಇಟ್ಟರು. ಬಳಿಕ ಗಣಿಗೆ ನೀರು ನುಗ್ಗಿತು. ಈಗ ಅವನ್ನೆಲ್ಲ ಮೇಲೆತ್ತಬೇಕೆಂದು ತೀರ್ಮಾನಿಸಿ ಆ ದೇಶ ಒದ್ದಾಡುತ್ತಿದೆ.

ಫಿನ್ಲೆಂಡ್ ಇದಕ್ಕೆ ಬೇರೆ ದಾರಿ ಹಿಡಿಯಿತು. ಯುರಾಯೋಕಿ ಎಂಬಲ್ಲಿ ಸುಮಾರು 190 ಕೋಟಿ ವರ್ಷ ಹಳೆಯ ಬಂಡೆಯಲ್ಲಿ, ಸುಮಾರು 430 ಮೀಟರ್ ಆಳದಲ್ಲಿ, ಹೊಸದಾಗಿಯೇ ಓಂಕಲೋ ಭಂಡಾರವನ್ನು ಕೊರೆಯಿತು. ಬಳಸಿದ ಇಂಧನವನ್ನು ಎರಕದ ಕಬ್ಬಿಣದ ಚೌಕಟ್ಟಿನಲ್ಲಿಟ್ಟು, ಅದರ ಮೇಲೆ 5 ಸೆಂಟಿಮೀಟರ್ ದಪ್ಪದ ತಾಮ್ರದ ಪಾತ್ರೆ ತೊಡಿಸಿ, ಬಂಡೆಯ ಗುಂಡಿಗೆ ಇಳಿಸಿ, ಸುತ್ತ ಬೆಂಟೊನೈಟ್ ಜೇಡಿಯನ್ನು ಒತ್ತಿ ತುಂಬುವುದು ಅದರ ವಿಧಾನ. ಊರಿನ ಪುರಸಭೆಗೆ ಬೇಡವೆನ್ನುವ ಅಧಿಕಾರವಿತ್ತು. 2000ದಲ್ಲಿ ಅದು ಮತ ಹಾಕಿ ಒಪ್ಪಿದ ಮೇಲೆಯೇ ಕೆಲಸ ಮುಂದುವರಿಯಿತು. ಆಲಮಟ್ಟಿ ಹಿನ್ನೀರಿಗೆ ಮನೆ, ಹೊಲ ಬಿಟ್ಟುಕೊಟ್ಟ ಬೀಳಗಿ ಸೀಮೆಯವರಿಗೆ ಮೊದಲೇ ಕೇಳುವುದಕ್ಕೂ ಆಮೇಲೆ ತಿಳಿಸುವುದಕ್ಕೂ ಇರುವ ವ್ಯತ್ಯಾಸವನ್ನು ಯಾರೂ ವಿವರಿಸಬೇಕಾಗಿಲ್ಲ.

ಆ ಜೇಡಿಯ ಗುಣವನ್ನೂ ಈ ಸೀಮೆಗೆ ವಿವರಿಸಬೇಕಾಗಿಲ್ಲ. ಕೃಷ್ಣಾ, ಘಟಪ್ರಭಾ ದಂಡೆಯ ಎರೆಭೂಮಿ ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಾಯಿಬಿಡುತ್ತದೆ. ಮಳೆ ಬಿದ್ದರೆ ಉಬ್ಬಿ ಬಿರುಕೆಲ್ಲ ಮುಚ್ಚಿ, ನೀರು ಕೆಳಗಿಳಿಯದೆ ಮೇಲೆ ನಿಲ್ಲುತ್ತದೆ. ಪಾಯ ಸರಿಯಿಲ್ಲದ ಮನೆಯ ಗೋಡೆ ಸೀಳುವುದೂ ಇದರಿಂದಲೇ. ಎರೆಮಣ್ಣನ್ನು ಹೀಗೆ ಉಬ್ಬಿಸುವ ಖನಿಜದ ಗುಂಪೇ ಬೆಂಟೊನೈಟ್‌ನ ಮುಖ್ಯ ಭಾಗ. ಬಂಡೆಯ ಬಿರುಕಿನಿಂದ ನೀರು ಜಿನುಗಿದರೆ ಒಣಗಿಸಿ ಒತ್ತಿದ ಬೆಂಟೊನೈಟ್ ಅದನ್ನು ಹೀರಿ ಉಬ್ಬುತ್ತದೆ, ಸಂದುಗೊಂದಿ ಮುಚ್ಚುತ್ತದೆ. ಆಮೇಲೆ ನೀರು ಹರಿಯುವುದು ನಿಂತು, ಕಣಕಣವಾಗಿ ಸರಿಯುವುದಷ್ಟೇ ಉಳಿಯುತ್ತದೆ. ಹೊಲದ ಎರೆಮಣ್ಣಿನಲ್ಲಿ ಸುಣ್ಣದ ಹರಳು, ಬೇರು, ಮರಳು ಬೆರೆತಿರುವುದರಿಂದ ಅದು ಈ ಕೆಲಸಕ್ಕೆ ಒದಗದು. ಭಾರತದಲ್ಲಿ ಶುದ್ಧ ಬೆಂಟೊನೈಟ್ ಸಿಗುವುದು ಕಚ್ಛ್ ಮತ್ತು ರಾಜಸ್ಥಾನದ ಬಾಡಮೇರ್ ಕಡೆಯ ಗಣಿಗಳಲ್ಲಿ.

ಇನ್ನು ಈ ಸೀಮೆಯ ಬಂಡೆ. ಕಲಾದಗಿ ಶಿಲಾಸಮೂಹವೆಂದು ಭೂವಿಜ್ಞಾನಿಗಳು ಕರೆಯುವ ಇಲ್ಲಿನ ಮರಳುಗಲ್ಲು, ಸುಣ್ಣಕಲ್ಲುಗಳು ಕೋಟ್ಯಂತರ ವರ್ಷ ಹಳೆಯವು. ಆದರೆ ಸುಣ್ಣಕಲ್ಲು ನೀರಿಗೆ ತುಸುತುಸುವೇ ಕರಗಿ ಬಿರುಕನ್ನು ಹಿಗ್ಗಿಸಿಕೊಳ್ಳುತ್ತದೆ. ಆಳದ ಭಂಡಾರಕ್ಕೆ ಹುಡುಕುವುದು ಇಂಥದ್ದನ್ನಲ್ಲ, ಬಿರುಕಿಲ್ಲದ ಗ್ರಾನೈಟ್‌ನಂಥ ಶಿಲೆಯನ್ನು. ಭಾರತದ ಅಧ್ಯಯನಗಳು ಪಶ್ಚಿಮ ರಾಜಸ್ಥಾನದ ಗ್ರಾನೈಟ್ ಕಡೆಗೆ ನೋಡಿವೆ. ದೇಶದಲ್ಲಿ ಆಳದ ಭಂಡಾರ ಇನ್ನೂ ಇಲ್ಲ. ಮರುಸಂಸ್ಕರಣೆಯಿಂದ ತ್ಯಾಜ್ಯದ ಗಾತ್ರ ಸಣ್ಣದಾಗಿರುವುದರಿಂದ ಅದರ ಅಗತ್ಯ ಸದ್ಯಕ್ಕಿಲ್ಲ ಎಂಬುದು ಪರಮಾಣು ಶಕ್ತಿ ಇಲಾಖೆಯ ನಿಲುವು. ಅವಸರ ಬೇಡ ನಿಜ, ಆದರೆ ಬಂಡೆ ಹುಡುಕಿ, ಪರೀಕ್ಷಿಸಿ, ಜನರ ಒಪ್ಪಿಗೆ ಪಡೆಯಲು ಫಿನ್ಲೆಂಡಿಗೆ ದಶಕಗಳೇ ಹಿಡಿದವು. ಆ ಮಾತುಕತೆಯನ್ನು ಬಹಿರಂಗವಾಗಿ ಶುರುಮಾಡಲು ಇದೇ ತಕ್ಕ ಕಾಲ.

ಸ್ಥಾವರದಿಂದ ದೂರವಿರುವ ಊರುಗಳಿಗೆ ವಿಕಿರಣ ತ್ಯಾಜ್ಯ ಎದುರಾಗುವ ಸಾಧ್ಯತೆ ಇರುವುದು ಬೇರೊಂದು ದಾರಿಯಲ್ಲಿ: ಆಸ್ಪತ್ರೆ, ಕಾರ್ಖಾನೆ, ಪ್ರಯೋಗಾಲಯಗಳ ಹಳೆಯ ಉಪಕರಣಗಳ ಮೂಲಕ. ಕ್ಯಾನ್ಸರ್ ಯಂತ್ರದಲ್ಲಿ ಕೋಬಾಲ್ಟ್ ಇರಬಹುದು. ಸಿಮೆಂಟ್, ಉಕ್ಕು, ಕಾಗದದ ಕಾರ್ಖಾನೆಗಳಲ್ಲಿ ಮಟ್ಟ, ದಪ್ಪ ಅಳೆಯುವ ಗೇಜುಗಳಲ್ಲಿ ಸೀಸಿಯಂ ಇರಬಹುದು. ಬಳಕೆ ಮುಗಿದ ಇಂಥ ಆಕರಗಳನ್ನು ಮಾಲೀಕರು ಸರಬರಾಜುದಾರರಿಗೆ ಅಥವಾ ಅಧಿಕೃತ ವಿಲೇವಾರಿ ಕೇಂದ್ರಕ್ಕೆ ಮರಳಿಸಲೇಬೇಕು, ಗುಜರಿಗೆ ಮಾರುವಂತಿಲ್ಲ. 2010ರಲ್ಲಿ ದೆಹಲಿಯ ವಿಶ್ವವಿದ್ಯಾಲಯವೊಂದರ ಹಳೆಯ ಗಾಮಾ ಯಂತ್ರ ಹರಾಜಾಗಿ ಮಾಯಾಪುರಿಯ ಗುಜರಿ ಮಾರುಕಟ್ಟೆ ಸೇರಿತು. ಅಲ್ಲಿ ಕೋಬಾಲ್ಟ್-60ರ ಸಲಾಕೆಗಳನ್ನು ಕತ್ತರಿಸಿದರು. ಒಬ್ಬ ಕೆಲಸಗಾರ ಸತ್ತ, ಹಲವರು ಆಸ್ಪತ್ರೆ ಸೇರಿದರು. ಯಂತ್ರ ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದಿತ್ತು. ಅದರೊಳಗೆ ಏನಿದೆ ಎಂಬುದನ್ನು ಹರಾಜು ಹಾಕುವ ಹೊತ್ತಿಗೆ ಎಲ್ಲರೂ ಮರೆತಿದ್ದರು.

ಬನಹಟ್ಟಿಯಲ್ಲಾಗಲಿ ಜಮಖಂಡಿಯಲ್ಲಾಗಲಿ ಗುಜರಿ ವ್ಯಾಪಾರ ಮಾಡುವವರು, ಹಳೆ ಕಬ್ಬಿಣ ಕರಗಿಸುವವರು, ಕಾರ್ಖಾನೆಯ ಉಗ್ರಾಣ ನೋಡಿಕೊಳ್ಳುವವರು ಗುರುತಿಟ್ಟುಕೊಳ್ಳಬೇಕಾದ ಚಿಹ್ನೆ ಒಂದಿದೆ: ಹಳದಿ ಹಿನ್ನೆಲೆಯಲ್ಲಿ ನಡುವೆ ಚುಕ್ಕೆ, ಸುತ್ತ ಮೂರು ಎಸಳು. ಅದು ಅಳಿಸಿಹೋಗಿದ್ದರೂ, ಗಾತ್ರಕ್ಕೆ ಮೀರಿ ಭಾರವಿರುವ ಸೀಸದ ಡಬ್ಬಿ ಕಂಡರೆ ಸುತ್ತಿಗೆ, ಗ್ಯಾಸ್ ಕಟರ್ ಮುಟ್ಟಿಸಬೇಡಿ. ಕೈಯಲ್ಲಿ ಎತ್ತಬೇಡಿ, ಜೇಬಿಗೆ ಹಾಕಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ದೂರ ಸರಿದು, ಬೇರೆಯವರನ್ನೂ ದೂರ ಸರಿಸಿ, ಪೊಲೀಸ್ ಠಾಣೆಗೆ ಅಥವಾ ಜಿಲ್ಲಾಡಳಿತಕ್ಕೆ ತಿಳಿಸಿ. ಅವರು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯನ್ನು ಸಂಪರ್ಕಿಸುತ್ತಾರೆ.